ಟಾರ್ಕ್ ಮತ್ತು ಭ್ರಮಣ ಚಲನೆ: ಪ್ರಥಮ ಪಿಯುಸಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿನ ಕಾಲೇಜುಗಳಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುವ ವಿದ್ಯಾರ್ಥಿಗಳು ನ್ಯೂಟನ್ನನ ಮೂರು ನಿಯಮಗಳನ್ನು ಹೇಗೋ ದಾಟಿಬಿಡುತ್ತಾರೆ. ಭ್ರಮಣ ಚಲನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮಾತ್ರ ಹಲವರ ಪೆನ್ನು ನಿಂತುಬಿಡುತ್ತದೆ. ಅವರು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನವು ಒಂದೇ ಕಡೆ ಸಿಕ್ಕಿಕೊಂಡಿರುತ್ತವೆ: ಯಾವ ಬಿಂದುವಿನ ಸುತ್ತ, ಅಥವಾ ಯಾವ ಅಕ್ಷದ ಸುತ್ತ ಎಂಬುದನ್ನು ನಿಶ್ಚಯಿಸಿಕೊಳ್ಳದೆಯೇ ಲೆಕ್ಕಕ್ಕೆ ಕೈ ಹಾಕಿರುತ್ತಾರೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಆ ಒಂದು ಮಾತು ಮತ್ತೆ ಮತ್ತೆ ಬಂದರೆ ಅದು ಬೇಕೆಂದೇ ಬಂದದ್ದು. ಗುರುತ್ವ ವೇಗೋತ್ಕರ್ಷವನ್ನು ಎಲ್ಲ ಕಡೆಯೂ 9.8 ಎಂದು ಹಿಡಿದಿದೆ.

ಟಾರ್ಕ್ ಎಂದರೇನು? ಬಲ ಎಂದಷ್ಟೇ ಹೇಳಿದರೆ ಸಾಲದೆ?

ಸಾಲದು. ಕಾರಿನ ಚಕ್ರದ ನಟ್ಟು ಬಿಚ್ಚುವುದನ್ನು ಯಾವುದಾದರೂ ಪಂಕ್ಚರ್ ಅಂಗಡಿಯ ಮುಂದೆ ನಿಂತು ನೋಡಿ. ಚಿಕ್ಕ ಕಾರಿನ ಚಕ್ರದ ನಟ್ಟನ್ನು ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್‌ನಿಂದ ಬಿಗಿದಿರುತ್ತಾರೆ. ಬಿಚ್ಚಲೂ ಅಷ್ಟೇ ಬೇಕೆಂದು ಇಟ್ಟುಕೊಳ್ಳೋಣ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು ಅದಕ್ಕೆ ಲಂಬವಾಗಿ ಒತ್ತುವವರು 400 ನ್ಯೂಟನ್ ಬಲ ಹಾಕಬೇಕು. ಅದು ಸುಮಾರು 41 ಕೆ.ಜಿ. ತೂಕವನ್ನು ಎತ್ತಿದಷ್ಟು. ಸ್ಪ್ಯಾನರಿನ ಹಿಡಿಗೆ ಒಂದು ಕಬ್ಬಿಣದ ಪೈಪು ತೂರಿಸಿ ಉದ್ದವನ್ನು 50 ಸೆಂಟಿಮೀಟರಿಗೆ ಏರಿಸಿದರೆ 200 ನ್ಯೂಟನ್ ಸಾಕಾಗುತ್ತದೆ. ನಟ್ಟು ಅದೇ, ಬಿಗಿತವೂ ಅದೇ, ಬೇಕಾದ ಬಲ ಮಾತ್ರ ಅರ್ಧ. ತಿರುಗಿಸುವ ಕೆಲಸದಲ್ಲಿ ಬಲ ಎಷ್ಟಿದೆ ಎನ್ನುವುದರ ಜೊತೆಗೆ, ತಿರುಗುವ ಅಕ್ಷದಿಂದ ಅದು ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಬೀಳುತ್ತಿದೆ ಎಂಬುದೂ ಸೇರುತ್ತದೆ. ಈ ಎಲ್ಲವನ್ನೂ ಕೂಡಿಸಿ ಅಳೆಯುವ ಪರಿಮಾಣವೇ ಟಾರ್ಕ್.

ಟಾರ್ಕ್ = ಬಲ × ಅಕ್ಷದಿಂದ ಬಲದ ಕ್ರಿಯಾರೇಖೆಗೆ ಇರುವ ಲಂಬ ದೂರ.

ಸೂತ್ರದಲ್ಲಿ ಸೈನ್ ಬರಬೇಕೋ ಕೊಸೈನ್ ಬರಬೇಕೋ ಪ್ರತಿ ಸಲವೂ ಗೊಂದಲವಾಗುತ್ತದೆ. ಏನು ಮಾಡುವುದು?

ಎರಡನ್ನೂ ಬಾಯಿಪಾಠ ಮಾಡದೆ ಚಿತ್ರ ಬರೆಯುವುದು ಒಳ್ಳೆಯದು. ಬಲದ ಬಾಣವನ್ನು ಎರಡೂ ಕಡೆಗೆ ಉದ್ದಕ್ಕೆ ಎಳೆಯಿರಿ, ಅದೇ ಕ್ರಿಯಾರೇಖೆ. ಅಕ್ಷದಿಂದ ಆ ರೇಖೆಗೆ ಲಂಬವನ್ನು ಇಳಿಸಿ ಅದರ ಉದ್ದವನ್ನು ಕಂಡುಹಿಡಿಯಿರಿ. ಕೊಟ್ಟಿರುವ ಕೋನ ಸ್ಪ್ಯಾನರಿಗೂ ಬಲಕ್ಕೂ ನಡುವಿನದಾದರೆ ಸೈನ್ ಬರುತ್ತದೆ. ಸ್ಪ್ಯಾನರು ನೆಲಮಟ್ಟದಿಂದ ಎಷ್ಟು ಮೇಲೆದ್ದಿದೆ ಎಂಬ ಕೋನವನ್ನು ಕೊಟ್ಟು, ಬಲ ನೇರ ಕೆಳಕ್ಕಿದ್ದರೆ ಕೊಸೈನ್ ಬರುತ್ತದೆ. ಎರಡೂ ಒಂದೇ ಲಂಬ ದೂರವನ್ನೇ ಹೇಳುತ್ತಿವೆ.

ನಟ್ಟು ಬಿಡದಿದ್ದಾಗ ಮೆಕ್ಯಾನಿಕ್ ಸ್ಪ್ಯಾನರಿನ ಮೇಲೆ ಕಾಲಿಟ್ಟು ಹತ್ತಿ ನಿಲ್ಲುವುದುಂಟು. ಅವರ ತೂಕ 60 ಕೆ.ಜಿ. ಇದ್ದು, 25 ಸೆಂಟಿಮೀಟರಿನ ಸ್ಪ್ಯಾನರು ನೆಲಕ್ಕೆ ಸಮಾಂತರವಾಗಿದ್ದರೆ ದೊರೆಯುವ ಟಾರ್ಕ್ 588 × 0.25, ಅಂದರೆ 147 ನ್ಯೂಟನ್ ಮೀಟರ್, ನಟ್ಟು ಬಿಡುತ್ತದೆ. ಅದೇ ಸ್ಪ್ಯಾನರನ್ನು ನೆಲಮಟ್ಟಕ್ಕೆ 60 ಡಿಗ್ರಿ ಮೇಲೆ ಎದ್ದು ನಿಲ್ಲುವಂತೆ ಸಿಕ್ಕಿಸಿದ್ದರೆ ಲಂಬ ದೂರ 12.5 ಸೆಂಟಿಮೀಟರಿಗೆ ಇಳಿದು, ಟಾರ್ಕ್ 73.5 ಆಗಿ, ಅದೇ ಮನುಷ್ಯ ಅದೇ ತೂಕದಲ್ಲಿ ಎಷ್ಟು ಜಗ್ಗಿ ನಿಂತರೂ ನಟ್ಟು ಅಲುಗುವುದಿಲ್ಲ. ಅನುಭವಿ ಮೆಕ್ಯಾನಿಕ್ ಸ್ಪ್ಯಾನರನ್ನು ಒಮ್ಮೆ ಕಳಚಿ, ನಟ್ಟಿನ ಮುಂದಿನ ಮುಖಕ್ಕೆ ಹೊಂದಿಸಿ, ಆದಷ್ಟು ಅಡ್ಡಕ್ಕೆ ಬರುವಂತೆ ಹಾಕಿಕೊಂಡೇ ಕಾಲಿಡುತ್ತಾರೆ.

ಒಂದೇ ಬಲಕ್ಕೆ ಬೇರೆ ಬೇರೆ ಟಾರ್ಕ್ ಬರಲು ಸಾಧ್ಯವೆ?

ಸಾಧ್ಯ, ಮತ್ತು ಇದೇ ಈ ಅಧ್ಯಾಯದ ಕೀಲಿ. ಕೀಲಿನಿಂದ 80 ಸೆಂಟಿಮೀಟರ್ ದೂರದಲ್ಲಿರುವ ಬಾಗಿಲಿನ ಹಿಡಿಯನ್ನು 10 ನ್ಯೂಟನ್ ಬಲದಿಂದ ಲಂಬವಾಗಿ ದೂಡಿದರೆ ಕೀಲಿನ ಸುತ್ತ ಟಾರ್ಕ್ 8 ನ್ಯೂಟನ್ ಮೀಟರ್. ಅದೇ ಬಲದ ಟಾರ್ಕ್ ಹಿಡಿಯ ಸುತ್ತ ಸೊನ್ನೆ. ಬಾಗಿಲಿನ ನಡುಮಧ್ಯದ ಬಿಂದುವಿನ ಸುತ್ತ ಇನ್ನೊಂದು ಬೆಲೆ. ಹೀಗಿರುವಾಗ "ಈ ಬಲದ ಟಾರ್ಕ್ ಎಷ್ಟು?" ಎಂದು ಕೇಳಿದರೆ ಪ್ರಶ್ನೆ ಪೂರ್ಣವಾಗಿಲ್ಲವೆಂದೇ ಅರ್ಥ. ಉತ್ತರಪತ್ರಿಕೆಯಲ್ಲಿ ಟಾರ್ಕ್ ಬರೆಯುವ ಸಾಲಿಗೆ ಮುಂಚೆ "ಕೀಲಿನ ಸುತ್ತ" ಎಂದೋ "ದ್ರವ್ಯರಾಶಿ ಕೇಂದ್ರದ ಸುತ್ತ" ಎಂದೋ ಬರೆಯುವ ಅಭ್ಯಾಸವನ್ನು ಮೊದಲ ವಾರದಲ್ಲೇ ಮಾಡಿಕೊಳ್ಳಬೇಕು.

ಇದಕ್ಕೆ ಒಂದು ವಿನಾಯಿತಿ ಬಲಯುಗ್ಮ. ಪರಿಮಾಣದಲ್ಲಿ ಸಮವಾದ, ದಿಕ್ಕಿನಲ್ಲಿ ವಿರುದ್ಧವಾದ, ಆದರೆ ಒಂದೇ ರೇಖೆಯ ಮೇಲಿಲ್ಲದ ಎರಡು ಬಲಗಳ ಜೋಡಿಗೆ ಯಾವ ಬಿಂದುವನ್ನು ಆರಿಸಿಕೊಂಡರೂ ಒಟ್ಟು ಟಾರ್ಕ್ ಒಂದೇ. ಬಸ್ಸಿನ ಚಾಲಕರು ಅರ್ಧ ಮೀಟರ್ ವ್ಯಾಸದ ಸ್ಟೀರಿಂಗನ್ನು ಒಂದು ಕೈಯಿಂದ 50 ನ್ಯೂಟನ್ ಮೇಲಕ್ಕೂ ಇನ್ನೊಂದು ಕೈಯಿಂದ ಅಷ್ಟನ್ನೇ ಕೆಳಕ್ಕೂ ಎಳೆದರೆ, ಸ್ಟೀರಿಂಗಿನ ನಡುವಿನಿಂದ ಲೆಕ್ಕ ಹಾಕಿದರೂ ಸರಿ, ಕಂಡಕ್ಟರ್ ನಿಂತಿರುವ ಜಾಗದಿಂದ ಹಾಕಿದರೂ ಸರಿ, 25 ನ್ಯೂಟನ್ ಮೀಟರೇ ಬರುತ್ತದೆ.

ನ್ಯೂಟನ್ ಮೀಟರ್ ಎಂದರೆ ಜೂಲ್ ಅಲ್ಲವೆ? ಟಾರ್ಕನ್ನು ಜೂಲ್‌ನಲ್ಲಿ ಏಕೆ ಬರೆಯುವುದಿಲ್ಲ?

ಆಯಾಮಗಳು ಒಂದೇ ಆದರೂ ಪರಿಮಾಣಗಳು ಬೇರೆ. ಕೆಲಸದಲ್ಲಿ ಬಲವನ್ನು ಗುಣಿಸುವ ದೂರ ಬಲದ ದಿಕ್ಕಿನಲ್ಲಿಯೇ ಇರುವಂಥದು. ಟಾರ್ಕ್‌ನಲ್ಲಿ ಗುಣಿಸುವ ದೂರ ಬಲಕ್ಕೆ ಲಂಬವಾಗಿರುವಂಥದು. ಕೆಲಸ ಅದಿಶ (ದಿಕ್ಕಿಲ್ಲದ್ದು), ಟಾರ್ಕ್ ಸದಿಶ (ದಿಕ್ಕುಳ್ಳದ್ದು). ಅಲುಗದ ನಟ್ಟಿನ ಮೇಲೆ 73.5 ನ್ಯೂಟನ್ ಮೀಟರ್ ಟಾರ್ಕ್ ಹಾಕಿ ಅರ್ಧ ಗಂಟೆ ನಿಂತರೂ ನಟ್ಟಿನ ಮೇಲೆ ನಡೆದ ಕೆಲಸ ಸೊನ್ನೆ. ಟಾರ್ಕನ್ನು ತಿರುಗಿದ ಕೋನದಿಂದ ಗುಣಿಸಿದ ಮೇಲಷ್ಟೇ ಜೂಲ್ ದೊರೆಯುತ್ತದೆ, ಮತ್ತು ಆ ಕೋನ ರೇಡಿಯನ್‌ನಲ್ಲಿರಬೇಕು.

ಟಾರ್ಕ್‌ನ ದಿಕ್ಕು ಅಕ್ಷದ ಉದ್ದಕ್ಕೆ ಇದೆ ಎನ್ನುತ್ತಾರೆ. ಆ ದಿಕ್ಕಿನಲ್ಲಿ ಏನೂ ಚಲಿಸುತ್ತಿಲ್ಲವಲ್ಲ?

ಚಲಿಸಬೇಕಾಗಿಲ್ಲ. ತಿರುಗುವ ಚಕ್ರದ ಅಂಚಿನ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಓಡುತ್ತಿರುತ್ತದೆ. ಇಡೀ ಚಕ್ರಕ್ಕೆ ಒಂದೇ ದಿಕ್ಕನ್ನು ಗುರುತಿಸಬೇಕಾದರೆ ಅಕ್ಷದ ದಿಕ್ಕೊಂದೇ ಉಳಿಯುತ್ತದೆ. ಬಲಗೈಯ ಬೆರಳುಗಳನ್ನು ತಿರುಗುವ ಕಡೆಗೆ ಮಡಚಿದಾಗ ಹೆಬ್ಬೆರಳು ತೋರುವ ದಿಕ್ಕನ್ನು ಟಾರ್ಕ್‌ನ ದಿಕ್ಕೆಂದು ಒಪ್ಪಿಕೊಂಡಿದ್ದೇವೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಬಿಚ್ಚಲು ತಿರುಗಿಸುವ ಕಡೆಗೆ ಬೆರಳು ಮಡಚಿದರೆ ಹೆಬ್ಬೆರಳು ಮೇಲಕ್ಕೆ ನಿಲ್ಲುತ್ತದೆ, ಮುಚ್ಚಳವೂ ಮೇಲಕ್ಕೇ ಬರುತ್ತದೆ. (ಸೈಕಲ್ಲಿನ ಎಡ ಪೆಡಲಿನ ತಿರುಪು ಮಾತ್ರ ಉಲ್ಟಾ ಇರುತ್ತದೆ, ಈ ನಿಯಮವನ್ನು ಪರೀಕ್ಷಿಸಲು ಅದನ್ನು ಆರಿಸಿಕೊಳ್ಳಬೇಡಿ.)

ಗೋಡೆಗೆ ಒರಗಿಸಿದ ಏಣಿಯ ಲೆಕ್ಕದಲ್ಲಿ ಯಾವ ಬಿಂದುವನ್ನು ಆರಿಸಬೇಕು?

ವಸ್ತು ಸಮತೋಲನದಲ್ಲಿದ್ದರೆ ಒಟ್ಟು ಬಲವೂ ಸೊನ್ನೆ, ಒಟ್ಟು ಟಾರ್ಕೂ ಸೊನ್ನೆ. ಆಗ ಟಾರ್ಕ್ ಯಾವ ಬಿಂದುವಿನ ಸುತ್ತ ಲೆಕ್ಕ ಹಾಕಿದರೂ ಸೊನ್ನೆಯೇ ಆಗಬೇಕು. ಆದುದರಿಂದ ಆಯ್ಕೆ ನಿಮ್ಮದು, ಮತ್ತು ಜಾಣತನ ಇರುವುದು ಆ ಆಯ್ಕೆಯಲ್ಲಿ: ಅತಿ ಹೆಚ್ಚು ಅಜ್ಞಾತ ಬಲಗಳು ಸೇರುವ ಬಿಂದುವನ್ನೇ ಹಿಡಿದರೆ ಅವುಗಳ ಟಾರ್ಕ್ ಸೊನ್ನೆಯಾಗಿ ಸಮೀಕರಣದಿಂದ ಹೊರಗೆ ಬೀಳುತ್ತವೆ. ಏಣಿಯ ಲೆಕ್ಕದಲ್ಲಿ ಅಂಥ ಜಾಗ ಏಣಿಯ ಬುಡ.

5 ಮೀಟರ್ ಉದ್ದದ, 20 ಕೆ.ಜಿ. ತೂಕದ ಏಣಿಯನ್ನು ನುಣುಪಾದ ಗೋಡೆಗೆ, ಬುಡ ಗೋಡೆಯಿಂದ 3 ಮೀಟರ್ ದೂರವಿರುವಂತೆ ಒರಗಿಸಿದೆ ಎಂದುಕೊಳ್ಳಿ; ತುದಿ 4 ಮೀಟರ್ ಎತ್ತರದಲ್ಲಿರುತ್ತದೆ. ಬುಡದ ಸುತ್ತ ಏಣಿಯ ತೂಕದ ಟಾರ್ಕ್ 196 × 1.5, ಅದನ್ನು ಸರಿದೂಗಿಸಲು ಗೋಡೆ 73.5 ನ್ಯೂಟನ್ ಬಲದಿಂದ ತಳ್ಳಬೇಕು. ಅಡ್ಡ ದಿಕ್ಕಿನ ಬಲಗಳು ಸಮವಾಗಬೇಕಾದ್ದರಿಂದ ಬುಡದಲ್ಲಿ ಘರ್ಷಣೆಯೂ ಅಷ್ಟೇ. ನೆಲದ ಲಂಬ ಪ್ರತಿಬಲ 196 ನ್ಯೂಟನ್. ಹಾಗಾಗಿ ಘರ್ಷಣಾ ಗುಣಾಂಕ 0.375 ಇದ್ದರೆ ಏಣಿ ನಿಲ್ಲುತ್ತದೆ.

ಈಗ 60 ಕೆ.ಜಿ. ತೂಕದ ಪೇಂಟರ್ ಒಬ್ಬರು ಬಕೆಟ್ಟನ್ನು ಕೆಳಗೇ ಬಿಟ್ಟು ಹತ್ತುತ್ತಾರೆ. ಏಣಿಯುದ್ದಕ್ಕೆ 4 ಮೀಟರ್ ಹತ್ತಿದಾಗ ಅವರು ಬುಡದಿಂದ ಅಡ್ಡಲಾಗಿ 2.4 ಮೀಟರ್ ದೂರದಲ್ಲಿರುತ್ತಾರೆ. ಬೇಕಾದ ಘರ್ಷಣೆ ಸುಮಾರು 426 ನ್ಯೂಟನ್, ಲಂಬ ಪ್ರತಿಬಲ 784, ಬೇಕಾದ ಗುಣಾಂಕ ಸುಮಾರು 0.54. ನೆಲದ ಗುಣಾಂಕ 0.5 ಆಗಿದ್ದರೆ ಅವರು ಸುಮಾರು 3.6 ಮೀಟರ್ ಹತ್ತುವ ಹೊತ್ತಿಗೇ ಬುಡ ಜಾರತೊಡಗುತ್ತದೆ. ಖಾಲಿ ಇದ್ದಾಗ ಗಟ್ಟಿಯಾಗಿ ನಿಂತಿದ್ದ ಏಣಿ ಮೇಲೆ ಹತ್ತಿದ ಮೇಲೆ ಜಾರುವುದೇಕೆ, ಬುಡಕ್ಕೆ ಇನ್ನೊಬ್ಬರು ಕಾಲು ಕೊಟ್ಟು ನಿಲ್ಲುವುದೇಕೆ ಎಂಬುದಕ್ಕೆ ಈ ಲೆಕ್ಕಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ತೋಳುಗಳು ಅಸಮವಾಗಿರುವ ತಕ್ಕಡಿಯಲ್ಲಿ ನಿಜವಾದ ತೂಕವನ್ನು ಕಂಡುಹಿಡಿಯಬಹುದೆ?

ಕಂಡುಹಿಡಿಯಬಹುದು. ತಕ್ಕಡಿ ಅಳೆಯುವುದು ಮೂಲತಃ ಟಾರ್ಕ್‌ಗಳ ಸಮತೆಯನ್ನು. ತೋಳುಗಳು ಸಮವಾಗಿದ್ದಾಗ ಮಾತ್ರ ಅದು ತೂಕಗಳ ಸಮತೆಯಾಗುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಇಂದು ಎಲೆಕ್ಟ್ರಾನಿಕ್ ತಕ್ಕಡಿಗಳೇ ಹೆಚ್ಚಾದರೂ ಈ ಲೆಕ್ಕ ಪ್ರಶ್ನೆಪತ್ರಿಕೆ ಬಿಟ್ಟು ಹೋಗಿಲ್ಲ. ಒಂದು ತೋಳು 20 ಸೆಂಟಿಮೀಟರ್, ಇನ್ನೊಂದು 21 ಎಂದಿಟ್ಟುಕೊಳ್ಳಿ. 1 ಕೆ.ಜಿ. ಬಟ್ಟನ್ನು ಉದ್ದ ತೋಳಿನ ತಟ್ಟೆಗೆ ಹಾಕಿದರೆ ಇನ್ನೊಂದು ಕಡೆ 1.05 ಕೆ.ಜಿ. ಹುರುಳಿಕಾಯಿ ಬೀಳುತ್ತದೆ; ಗಿಡ್ಡ ತೋಳಿಗೆ ಹಾಕಿದರೆ ಗಿರಾಕಿಗೆ ಸಿಗುವುದು ಸುಮಾರು 0.952 ಕೆ.ಜಿ. ಈ ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸರಿಯಾಗಿ 1 ಬರುತ್ತದೆ. ಸರಾಸರಿ ತೆಗೆದರೆ 1.001. ಅಂದರೆ "ಒಂದು ಸಲ ಈ ತಟ್ಟೆ, ಇನ್ನೊಂದು ಸಲ ಆ ತಟ್ಟೆ" ಎಂದು ನ್ಯಾಯವಾಗಿ ತೂಗುವ ವ್ಯಾಪಾರಿಗೆ ಕೂದಲೆಳೆಯಷ್ಟು ನಷ್ಟವೇ.

ಜಡತ್ವ ಮಹತ್ವ ಎಂದರೆ ದ್ರವ್ಯರಾಶಿಯ ಇನ್ನೊಂದು ಹೆಸರೆ?

ಅಲ್ಲ. ದ್ರವ್ಯರಾಶಿ ವಸ್ತುವಿಗೆ ಸೇರಿದ್ದು. ಜಡತ್ವ ಮಹತ್ವ ವಸ್ತುವಿಗೂ ಅಕ್ಷಕ್ಕೂ ಒಟ್ಟಿಗೆ ಸೇರಿದ್ದು. ಪ್ರತಿ ಕಣದ ದ್ರವ್ಯರಾಶಿಯನ್ನು ಅಕ್ಷದಿಂದ ಅದರ ದೂರದ ವರ್ಗದಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಅದು ದೊರೆಯುತ್ತದೆ. ದೂರದ ವರ್ಗ ಬರುವುದರಿಂದ, ಅಕ್ಷಕ್ಕೆ ಹತ್ತಿರವಿರುವ ಭಾರ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ, ದೂರವಿರುವ ಸ್ವಲ್ಪವೇ ಭಾರ ಬಹಳ ಕಾಡುತ್ತದೆ. 1 ಮೀಟರ್ ಉದ್ದದ, 1 ಕೆ.ಜಿ. ತೂಕದ ಸಮರೂಪದ ಸರಳನ್ನು ನಡುವಿನಿಂದ ತಿರುಗಿಸಿದರೆ ಜಡತ್ವ ಮಹತ್ವ ಹನ್ನೆರಡನೆಯ ಒಂದು ಭಾಗ. ತುದಿಯಿಂದ ತಿರುಗಿಸಿದರೆ ಮೂರನೆಯ ಒಂದು ಭಾಗ, ಅಂದರೆ ನಾಲ್ಕು ಪಟ್ಟು. ಸಮಾಂತರ ಅಕ್ಷ ಪ್ರಮೇಯದಿಂದಲೂ ಇದನ್ನು ತಾಳೆ ನೋಡಬಹುದು: ಹನ್ನೆರಡನೆಯ ಒಂದು ಭಾಗಕ್ಕೆ ಅರ್ಧ ಮೀಟರಿನ ವರ್ಗವಾದ ಕಾಲು ಭಾಗವನ್ನು ಕೂಡಿಸಿದರೆ ಮೂರನೆಯ ಒಂದು ಭಾಗವೇ ಆಗುತ್ತದೆ.

ಕ್ರಿಕೆಟ್ ಬ್ಯಾಟನ್ನು ಹಿಡಿಯಿಂದ ಹಿಡಿದು ಬೀಸಿ. ಆಮೇಲೆ ತಲೆಕೆಳಗು ಮಾಡಿ ಅಗಲವಾದ ತುದಿಯಿಂದ ಹಿಡಿದು ಬೀಸಿ. ಎರಡನೆಯದು ಎಷ್ಟು ಹಗುರವೆನಿಸುತ್ತದೆಂದು ಮಣಿಕಟ್ಟಿಗೇ ಗೊತ್ತಾಗುತ್ತದೆ, ಬ್ಯಾಟಿನ ತೂಕ ಒಂದು ಗ್ರಾಮೂ ಕಡಿಮೆಯಾಗದಿದ್ದರೂ.

ಇಳಿಜಾರಿನಲ್ಲಿ ಗೋಲಿ ಮೊದಲು ತಲುಪುತ್ತದೆಯೋ ಬಳೆ ಮೊದಲು ತಲುಪುತ್ತದೆಯೋ?

ಜಾರದೆ ಉರುಳಿದರೆ ಗೋಲಿಯೇ ಮೊದಲು, ಯಾವಾಗಲೂ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಸುಮಾರು 17 ಸೆಂಟಿಮೀಟರ್ ಎತ್ತರಿಸಿ. ಇಳಿಜಾರು ಹತ್ತು ಡಿಗ್ರಿಯಾಗುತ್ತದೆ. ಗಾಜಿನ ಗೋಲಿಯನ್ನೂ ಗಾಜಿನ ಬಳೆಯನ್ನೂ ಮೇಲಿನ ತುದಿಯಿಂದ ಒಟ್ಟಿಗೆ, ದೂಡದೆ ಬಿಡಿ. ಲೆಕ್ಕದ ಪ್ರಕಾರ ಗೋಲಿಗೆ 1.28 ಸೆಕೆಂಡು, ಬಳೆಗೆ 1.53 ಸೆಕೆಂಡು ಬೇಕು. ಕಾಲು ಸೆಕೆಂಡಿನ ಈ ಅಂತರ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಲಗೆಯನ್ನು ತೀರಾ ಕಡಿದಾಗಿಸಿದರೆ ಬಳೆ ಉರುಳುವ ಬದಲು ಜಾರಿ ಪ್ರಯೋಗ ಕೆಡುತ್ತದೆ.

ಇಬ್ಬರಿಗೂ ಗುರುತ್ವ ಕೊಡುವ ಶಕ್ತಿಯಲ್ಲಿ ಒಂದು ಪಾಲು ಮುಂದೆ ಸಾಗಲು, ಇನ್ನೊಂದು ಪಾಲು ತಿರುಗಲು ಹೋಗುತ್ತದೆ. ಬಳೆಯ ಭಾರವೆಲ್ಲ ಅಂಚಿನಲ್ಲೇ ಇರುವುದರಿಂದ ತಿರುಗುವುದಕ್ಕೇ ಅರ್ಧ ಖರ್ಚಾಗುತ್ತದೆ. ಗೋಲಿಯಲ್ಲಿ ಅದಕ್ಕೆ ಏಳರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ಜಾರುವ ವಸ್ತುವಿನ ವೇಗೋತ್ಕರ್ಷಕ್ಕೆ ಹೋಲಿಸಿದರೆ ಗೋಲಿಯದು ಏಳರಲ್ಲಿ ಐದು ಪಾಲು, ಬಳೆಯದು ಅರ್ಧ. ತುಂಬಿದ ತಟ್ಟೆ ಅಥವಾ ಸಿಲಿಂಡರು ಮೂರರಲ್ಲಿ ಎರಡು ಪಾಲಿನೊಂದಿಗೆ ನಡುವೆ ಬರುತ್ತದೆ. ಇಲ್ಲಿ ವಿದ್ಯಾರ್ಥಿಗಳು ನಂಬಲು ಹಿಂಜರಿಯುವ ಸಂಗತಿಯೆಂದರೆ ದ್ರವ್ಯರಾಶಿಯೂ ತ್ರಿಜ್ಯವೂ ಉತ್ತರದಲ್ಲಿ ಉಳಿಯುವುದೇ ಇಲ್ಲ. ಮಗುವಿನ ಬಳೆಯೂ ಅಜ್ಜಿಯ ಬಳೆಯೂ ಒಟ್ಟಿಗೇ ತಲುಪುತ್ತವೆ. ಮನೆಯಲ್ಲಿ ಮಾಡಬಹುದಾದ ಪ್ರಯೋಗಗಳಲ್ಲಿ ಇದಕ್ಕಿಂತ ಅಗ್ಗದ್ದೂ ಇದಕ್ಕಿಂತ ಒಳ್ಳೆಯದೂ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಉರುಳುವಾಗ ಘರ್ಷಣೆ ಇದ್ದರೂ ಶಕ್ತಿ ನಷ್ಟವಾಗುವುದಿಲ್ಲ ಎನ್ನುವುದು ಹೇಗೆ?

ಜಾರದೆ ಉರುಳುವ ವಸ್ತುವಿನಲ್ಲಿ ನೆಲವನ್ನು ಮುಟ್ಟಿರುವ ಬಿಂದು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ. ಸ್ಥಿರ ಘರ್ಷಣೆ ಆ ನಿಶ್ಚಲ ಬಿಂದುವಿನ ಮೇಲೆ ಬೀಳುವುದರಿಂದ ಅದು ಮಾಡುವ ಕೆಲಸ ಸೊನ್ನೆ. ಆದರೂ ಅದು ಬೇಕು: ಗೋಲಿಯ ಕೇಂದ್ರದ ಸುತ್ತ ಟಾರ್ಕ್ ಕೊಡುವ ಬಲ ಅದೊಂದೇ, ಏಕೆಂದರೆ ಗುರುತ್ವವೂ ಲಂಬ ಪ್ರತಿಬಲವೂ ಕೇಂದ್ರದ ಮೂಲಕವೇ ಹಾಯುತ್ತವೆ. ಬೇಕಿದ್ದರೆ ನೆಲ ಮುಟ್ಟಿದ ಬಿಂದುವಿನ ಸುತ್ತ ಲೆಕ್ಕ ಹಾಕಿ ನೋಡಿ. ಆಗ ಘರ್ಷಣೆಯ ಟಾರ್ಕ್ ಸೊನ್ನೆಯಾಗಿ ಗುರುತ್ವದ ಟಾರ್ಕ್ ಉಳಿಯುತ್ತದೆ, ವೇಗೋತ್ಕರ್ಷ ಮಾತ್ರ ಅದೇ ಬರುತ್ತದೆ. "ಗೋಲಿಯನ್ನು ತಿರುಗಿಸುತ್ತಿರುವುದು ಘರ್ಷಣೆಯೋ ಗುರುತ್ವವೋ" ಎಂಬ ಜಗಳಕ್ಕೆ ಅಕ್ಷ ಹೇಳದೆ ತೀರ್ಪಿಲ್ಲ.

ಘರ್ಷಣೆ ಯಾವಾಗಲೂ ಹಿಮ್ಮುಖವಾಗಿರುತ್ತದೆ ಎಂಬುದೂ ತಪ್ಪು. ಸೈಕಲ್ ತುಳಿದು ವೇಗ ಹೆಚ್ಚಿಸುವಾಗ ಹಿಂದಿನ ಚಕ್ರದ ಮೇಲೆ ಘರ್ಷಣೆ ಮುಂದಕ್ಕೆ, ಮುಂದಿನ ಚಕ್ರದ ಮೇಲೆ ಹಿಂದಕ್ಕೆ ಇರುತ್ತದೆ.

ದಾರಕ್ಕೆ ಕಟ್ಟಿ ತಿರುಗಿಸುವ ಕಲ್ಲಿನ ಮೇಲೆ ಟಾರ್ಕ್ ಇದೆಯೆ?

ವೃತ್ತದ ಕೇಂದ್ರದ ಸುತ್ತ ಇಲ್ಲ. ದಾರದ ಎಳೆತ ಕೇಂದ್ರದ ಮೂಲಕವೇ ಹಾಯುವುದರಿಂದ ಲಂಬ ದೂರ ಸೊನ್ನೆ. ವೇಗದ ದಿಕ್ಕು ಬದಲಾಗುತ್ತಿದ್ದರೂ ಕೋನೀಯ ವೇಗ (ಸೆಕೆಂಡಿಗೆ ತಿರುಗುವ ಕೋನ) ಬದಲಾಗದಿರುವುದು ಅದರಿಂದಲೇ.

ಫ್ಯಾನಿಗೆ ಮೋಟಾರು ಸದಾ ಟಾರ್ಕ್ ಕೊಡುತ್ತಲೇ ಇರುತ್ತದೆ. ಹಾಗಿದ್ದರೆ ವೇಗ ಏರುತ್ತಲೇ ಹೋಗಬೇಕಲ್ಲವೆ?

ಟಾರ್ಕ್ = ಜಡತ್ವ ಮಹತ್ವ × ಕೋನೀಯ ವೇಗೋತ್ಕರ್ಷ ಎಂಬ ಸಮೀಕರಣದಲ್ಲಿ ಬರುವುದು ಒಟ್ಟು ಟಾರ್ಕ್. ಸ್ವಿಚ್ ಹಾಕಿದ ಕ್ಷಣದಲ್ಲಿ ಎದುರಿಸುವ ಟಾರ್ಕ್ ಕಡಿಮೆ, ಹಾಗಾಗಿ ರೆಕ್ಕೆಗಳು ವೇಗ ಹಿಡಿಯುತ್ತವೆ; ವೇಗ ಏರಿದಂತೆ ಗಾಳಿಯ ಎದುರು ಟಾರ್ಕ್ ಹೆಚ್ಚುತ್ತಾ ಹೋಗಿ, ಒಂದು ಹಂತದಲ್ಲಿ ಮೋಟಾರಿನದಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ಕೋನೀಯ ವೇಗೋತ್ಕರ್ಷ ಸೊನ್ನೆ. ಕರೆಂಟು ಹೋದಾಗ ಎದುರು ಟಾರ್ಕ್ ಮಾತ್ರ ಉಳಿಯುತ್ತದೆ. ನಿಮಿಷಕ್ಕೆ 350 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 36.7 ರೇಡಿಯನ್ ತಿರುಗುತ್ತಿದ್ದ ಫ್ಯಾನು 40 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಇಳಿಕೆ ಸೆಕೆಂಡಿಗೆ ಸೆಕೆಂಡಿಗೆ 0.92 ರೇಡಿಯನ್. ಕೈಗಡಿಯಾರವಿದ್ದರೆ ನಿಮ್ಮ ಕೋಣೆಯ ಫ್ಯಾನಿಗೂ ಇದನ್ನು ಲೆಕ್ಕ ಹಾಕಬಹುದು, ಬೇಸಿಗೆಯಲ್ಲಿ ಅದಕ್ಕೆ ಅವಕಾಶಗಳು ತಾನಾಗಿಯೇ ಒದಗುತ್ತವೆ.

ಬೈಕಿನ ವಿವರಪಟ್ಟಿಯಲ್ಲಿ ಟಾರ್ಕ್ ಮತ್ತು ಪವರ್ ಎರಡನ್ನೂ ಬೇರೆಯಾಗಿ ಬರೆದಿರುತ್ತಾರೆ. ಯಾವುದನ್ನು ನೋಡಬೇಕು?

ಸಾಮರ್ಥ್ಯ (ಪವರ್) = ಟಾರ್ಕ್ × ಕೋನೀಯ ವೇಗ. ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿ 8 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿದ್ದರೆ, ಕೋನೀಯ ವೇಗ ಸೆಕೆಂಡಿಗೆ 628 ರೇಡಿಯನ್, ಸಾಮರ್ಥ್ಯ ಸುಮಾರು 5 ಕಿಲೋವ್ಯಾಟ್. ಈ ಗುಣಾಕಾರದಲ್ಲಿ ನಿಮಿಷದ ಸುತ್ತುಗಳನ್ನು ಹಾಗೆಯೇ ಹಾಕಿ 48,000 ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಗೇರು ಮಾಡುವುದು ಸಾಮರ್ಥ್ಯವನ್ನು ಹೆಚ್ಚಿಸದೆ ಟಾರ್ಕನ್ನು ಹೆಚ್ಚಿಸಿ, ತಿರುಗುವ ವೇಗವನ್ನು ಅದೇ ಪ್ರಮಾಣದಲ್ಲಿ ಇಳಿಸುವ ಕೆಲಸ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ರಸ್ತೆಗೆ ಏರುವ ರ‍್ಯಾಂಪನ್ನು ತೆಗೆದುಕೊಳ್ಳಿ. ಆರು ಮೀಟರ್ ಸಾಗಿದರೆ ಒಂದು ಮೀಟರ್ ಏರುವಂಥದು. ಬೈಕು ಮತ್ತು ಇಬ್ಬರು ಸವಾರರು ಸೇರಿ 250 ಕೆ.ಜಿ. ಆದರೆ ಇಳಿಜಾರಿನ ಗುಂಟ ಹಿಂದಕ್ಕೆಳೆಯುವ ಬಲ ಸುಮಾರು 408 ನ್ಯೂಟನ್. ಮೊದಲ ಗೇರಿನಲ್ಲಿ ಒಟ್ಟು ಅನುಪಾತ 30 ಎಂದಿಟ್ಟುಕೊಂಡು ನಷ್ಟಗಳನ್ನು ಬಿಟ್ಟರೆ, ಹಿಂದಿನ ಚಕ್ರಕ್ಕೆ 240 ನ್ಯೂಟನ್ ಮೀಟರ್ ತಲುಪುತ್ತದೆ. ಚಕ್ರದ ತ್ರಿಜ್ಯ 0.3 ಮೀಟರ್ ಆದ್ದರಿಂದ ರಸ್ತೆಯ ಮೇಲಿನ ತಳ್ಳುಬಲ 800 ನ್ಯೂಟನ್. ಕೊನೆಯ ಗೇರಿನ ಅನುಪಾತ 9 ಆದರೆ ತಳ್ಳುಬಲ 240ಕ್ಕೆ ಇಳಿಯುತ್ತದೆ. ಬೈಕು ರ‍್ಯಾಂಪಿನ ನಡುವೆ ಗುರ್ ಎಂದು ನಿಂತುಬಿಡುತ್ತದೆ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಡುವವರಿಗೆ ಕಡಿಮೆ ಸುತ್ತುಗಳಲ್ಲಿ ಸಿಗುವ ಟಾರ್ಕ್ ಮುಖ್ಯ. ಗರಿಷ್ಠ ಪವರ್ ಉಪಯೋಗಕ್ಕೆ ಬರುವುದು ಖಾಲಿ ಹೆದ್ದಾರಿಯಲ್ಲಿ. ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದಾಗ ಎಂಜಿನ್ನುಗಳ ವಿಭಾಗವನ್ನು ಓಡಿ ದಾಟಬೇಡಿ. ನಿಂತು ನೋಡುವಂಥದು ಅಲ್ಲಿದೆ.

ಗಿರಕಿ ಕುರ್ಚಿಯಲ್ಲಿ ಕೈ ಮಡಚಿದರೆ ವೇಗ ಹೆಚ್ಚುತ್ತದೆ. ಹೆಚ್ಚಿದ ಶಕ್ತಿ ಎಲ್ಲಿಂದ ಬಂತು?

ನಿಮ್ಮ ತೋಳುಗಳಿಂದ. ಎರಡೂ ಕೈಯಲ್ಲಿ ಎರಡೆರಡು ಕೆ.ಜಿ. ಹಿಡಿದು, ಅಕ್ಷದಿಂದ 80 ಸೆಂಟಿಮೀಟರ್ ದೂರ ಚಾಚಿ ತಿರುಗುತ್ತಿದ್ದೀರಿ ಎಂದುಕೊಳ್ಳಿ. ದೇಹ ಮತ್ತು ಕುರ್ಚಿಯ ಜಡತ್ವ ಮಹತ್ವವನ್ನು 2 ಎಂದು ಹಿಡಿದರೆ ಒಟ್ಟು 4.56, ತೂಕಗಳನ್ನು 20 ಸೆಂಟಿಮೀಟರಿಗೆ ಎಳೆದುಕೊಂಡಾಗ 2.16. ಹೊರಗಿನ ಟಾರ್ಕ್ ಇಲ್ಲದಿರುವುದರಿಂದ ಕೋನೀಯ ಸಂವೇಗ (ಜಡತ್ವ ಮಹತ್ವ × ಕೋನೀಯ ವೇಗ) ಬದಲಾಗದೆ ಉಳಿಯುತ್ತದೆ, ಕೋನೀಯ ವೇಗ 2.1 ಪಟ್ಟಾಗುತ್ತದೆ, ಚಲನ ಶಕ್ತಿಯೂ ಅಷ್ಟೇ ಪಟ್ಟಾಗುತ್ತದೆ. ಹೊರಕ್ಕೆ ಸಿಡಿಯಲು ನೋಡುವ ತೂಕಗಳನ್ನು ಒಳಕ್ಕೆ ಎಳೆಯುವಾಗ ಸ್ನಾಯುಗಳು ಮಾಡಿದ ಕೆಲಸವೇ ಆ ಹೆಚ್ಚುವರಿ. ಎಳೆತದ ಬಲ ಅಕ್ಷದ ಕಡೆಗೇ ಇರುವುದರಿಂದ ಅದರ ಟಾರ್ಕ್ ಸೊನ್ನೆ, ಆದರೆ ಕೆಲಸ ಸೊನ್ನೆಯಲ್ಲ. ಸಂವೇಗವನ್ನು ಕಾಪಾಡುವ ನಿಯಮ ಒಂದು, ಶಕ್ತಿಯದು ಇನ್ನೊಂದು. ಒಂದರ ಷರತ್ತನ್ನು ಇನ್ನೊಂದಕ್ಕೆ ಹಚ್ಚಬಾರದು.

ನೇರ ಗೆರೆಯಲ್ಲಿ ಹೋಗುವ ವಸ್ತುವಿಗೂ ಕೋನೀಯ ಸಂವೇಗ ಇರುತ್ತದೆಯೆ?

ಇರುತ್ತದೆ. ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗ ನಿಲ್ಲದೆ ಹಾಯ್ದುಹೋಗುವ ರೈಲಿಗೆ ನಿಮ್ಮ ಸುತ್ತ ಕೋನೀಯ ಸಂವೇಗವಿದೆ: ಅದರ ಸಂವೇಗವನ್ನು ಹಳಿಗೂ ನಿಮಗೂ ನಡುವಿನ ಲಂಬ ದೂರದಿಂದ ಗುಣಿಸಿದಷ್ಟು. ರೈಲು ಸಮವೇಗದಲ್ಲಿ ಎಷ್ಟು ದೂರ ಹೋದರೂ ಆ ಬೆಲೆ ಬದಲಾಗುವುದಿಲ್ಲ. ಹಳಿಯ ಮೇಲಿನ ಬಿಂದುವಿನ ಸುತ್ತ ಅದೇ ಸೊನ್ನೆ.

ಬುಗುರಿ ವಾಲಿದರೂ ಬೀಳದೆ ತಲೆ ತಿರುಗಿಸುತ್ತಾ ನಿಲ್ಲುವುದೇಕೆ?

ವಾಲಿದ ಬುಗುರಿಯ ತೂಕ ಅದರ ಮೊಳೆಯ ಸುತ್ತ ಟಾರ್ಕ್ ಕೊಡುತ್ತದೆ, ಆದರೆ ಆ ಟಾರ್ಕ್‌ನ ದಿಕ್ಕು ನೆಲಕ್ಕೆ ಸಮಾಂತರವಾಗಿ, ಬುಗುರಿಯ ಅಕ್ಷಕ್ಕೆ ಲಂಬವಾಗಿರುತ್ತದೆ. ಟಾರ್ಕ್ ಎಂದರೆ ಕೋನೀಯ ಸಂವೇಗ ಬದಲಾಗುವ ದರ. ತಿರುಗದ ಬುಗುರಿಗೆ ಮೊದಲೇ ಕೋನೀಯ ಸಂವೇಗ ಇಲ್ಲದ್ದರಿಂದ ಟಾರ್ಕ್ ಹೊಸದಾಗಿ ಹುಟ್ಟಿಸಿದ್ದೇ ಬೀಳುವ ಚಲನೆಯಾಗುತ್ತದೆ. ಜೋರಾಗಿ ತಿರುಗುತ್ತಿರುವ ಬುಗುರಿಯಲ್ಲಿ ಅಕ್ಷದ ಉದ್ದಕ್ಕೆ ದೊಡ್ಡ ಕೋನೀಯ ಸಂವೇಗ ಆಗಲೇ ಇದೆ. ಅದಕ್ಕೆ ಲಂಬವಾಗಿ ಸೇರುವ ಚಿಕ್ಕ ಬದಲಾವಣೆ ಅದರ ದಿಕ್ಕನ್ನು ಪಕ್ಕಕ್ಕೆ ಸರಿಸುತ್ತಾ ಹೋಗುತ್ತದೆ. ತುದಿ ಗಾಳಿಯಲ್ಲಿ ವೃತ್ತ ಬರೆಯುವುದು ಹಾಗೆ. ಈ ವೃತ್ತದ ವೇಗ ಬುಗುರಿಯ ಸ್ವಂತ ವೇಗಕ್ಕೆ ವಿಲೋಮವಾಗಿರುವುದರಿಂದ, ಬುಗುರಿ ಸೋತಂತೆಲ್ಲ ತಲೆ ತಿರುಗಿಸುವುದು ಚುರುಕಾಗುತ್ತದೆ. ಆಡಿದವರೆಲ್ಲ ಇದನ್ನು ಕಂಡಿರುತ್ತಾರೆ. ಬಹಳ ಜನ ಇದನ್ನು ಬುಗುರಿಯ ಆಯಾಸವೆಂದು ಬಿಟ್ಟುಬಿಟ್ಟಿರುತ್ತಾರೆ.

ಆಕಾಶದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದ ಉಪಗ್ರಹ ಹೇಗೆ ತಿರುಗುತ್ತದೆ?

ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದಲ್ಲಿ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ಸುಮಾರು 360 ಕೆ.ಜಿ. ತೂಕದ ಆ ಉಪಗ್ರಹ ಇಡಿಯಾಗಿ ತನ್ನ ಅಕ್ಷದ ಸುತ್ತ ತಿರುಗುತ್ತಲೇ ಇರುವಂತೆ ಮಾಡಿ, ಆ ಕೋನೀಯ ಸಂವೇಗದಿಂದಲೇ ಅಕ್ಷದ ದಿಕ್ಕು ಸ್ಥಿರವಾಗಿ ಉಳಿಯುವಂತೆ ನೋಡಿಕೊಳ್ಳಲಾಗಿತ್ತು. ಇಂದಿನ ಭೂವೀಕ್ಷಣೆಯ ಉಪಗ್ರಹಗಳು ಕ್ಯಾಮೆರಾವನ್ನು ಬೇಕಾದ ಕಡೆಗೆ ತಿರುಗಿಸಬೇಕಾದ್ದರಿಂದ ಆ ಉಪಾಯ ಅವುಗಳಿಗೆ ಒಗ್ಗುವುದಿಲ್ಲ. ಅವುಗಳೊಳಗೆ ಮೋಟಾರಿನಿಂದ ತಿರುಗುವ ಪ್ರತಿಕ್ರಿಯಾ ಚಕ್ರಗಳಿರುತ್ತವೆ. ಚಕ್ರವನ್ನು ಒಂದು ಕಡೆಗೆ ವೇಗ ಹೆಚ್ಚಿಸಿದರೆ ಉಪಗ್ರಹದ ಒಡಲು ಇನ್ನೊಂದು ಕಡೆಗೆ ನಿಧಾನವಾಗಿ ತಿರುಗುತ್ತದೆ. ಎರಡರ ಕೋನೀಯ ಸಂವೇಗಗಳ ಮೊತ್ತ ಬದಲಾಗುವುದಿಲ್ಲ. ಇಂಧನ ಖರ್ಚಾಗುವುದಿಲ್ಲ, ಸೌರಫಲಕಗಳ ವಿದ್ಯುತ್ತೇ ಸಾಕು.

ತೊಡಕಿರುವುದು ಬೇರೆ ಕಡೆ. ಬಿಸಿಲಿನ ಒತ್ತಡ, ತೆಳುವಾದ ವಾತಾವರಣದ ಎಳೆತ, ಗುರುತ್ವದ ಸಣ್ಣ ಏರುಪೇರು, ಇವೆಲ್ಲವೂ ಹೊರಗಿನಿಂದ ಪುಟ್ಟ ಟಾರ್ಕ್‌ಗಳನ್ನು ಹಾಕುತ್ತಲೇ ಇರುತ್ತವೆ. ಅವುಗಳಲ್ಲಿ ಒಂದೇ ಕಡೆಗೆ ಬೀಳುವ ಪಾಲನ್ನು ಚಕ್ರ ನುಂಗುತ್ತಾ ಹೋದಂತೆ ಅದರ ವೇಗ ಏರುತ್ತಾ ಹೋಗಿ ಕೊನೆಗೆ ಮಿತಿ ಮುಟ್ಟುತ್ತದೆ. ಕೂಡಿಕೊಂಡ ಆ ಕೋನೀಯ ಸಂವೇಗವನ್ನು ಒಳಗಿನ ಯಾವ ಮೋಟಾರೂ ಕಳೆಯಲಾರದು. ಹೊರಗಿನ ಟಾರ್ಕೇ ಬೇಕು. ಭೂಮಿಗೆ ಹತ್ತಿರವಿರುವ ಉಪಗ್ರಹಗಳಲ್ಲಿ ಇದಕ್ಕೆ ತಂತಿ ಸುತ್ತಿದ ಸರಳುಗಳನ್ನು ಇಡುತ್ತಾರೆ: ವಿದ್ಯುತ್ ಹರಿಸಿದಾಗ ಅವು ಕಾಂತಗಳಾಗಿ ಭೂಮಿಯ ಕಾಂತಕ್ಷೇತ್ರದೊಡನೆ ವರ್ತಿಸಿ ಟಾರ್ಕ್ ಪಡೆಯುತ್ತವೆ, ಆ ಹೊತ್ತಿನಲ್ಲಿ ಚಕ್ರಗಳ ವೇಗವನ್ನು ಇಳಿಸಿಕೊಳ್ಳಲಾಗುತ್ತದೆ. 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಕಾಂತಕ್ಷೇತ್ರ ಬಹಳ ಕ್ಷೀಣವಾಗಿರುವುದರಿಂದ ಅಲ್ಲಿ ಸಾಮಾನ್ಯವಾಗಿ ಚಿಕ್ಕ ಥ್ರಸ್ಟರುಗಳನ್ನು ಉರಿಸಿ ಈ ಕೆಲಸ ಮಾಡಿಸುತ್ತಾರೆ. ಅವುಗಳನ್ನು ಉಪಗ್ರಹದ ಅಂಚಿನ ಕಡೆಗೆ, ದ್ರವ್ಯರಾಶಿ ಕೇಂದ್ರದಿಂದ ಆದಷ್ಟು ದೂರ ಕೂರಿಸಿರುತ್ತಾರೆ.